ಸಾವಿನ ಸುದ್ದಿ ತಿಳಿಸುವ ಹೊಣೆ ನಮ್ಮ ಪಾಲಿಗೆ ಬಂದಾಗ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆರಂಭವಾದಾಗ ನಾನು ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯಶಾಸ್ತ್ರದ ಎಂ.ಡಿ. ಮೊದಲ ವರ್ಷದಲ್ಲಿದ್ದೆ. ಮದ್ಯದಂಗಡಿಗಳು ಏಕಾಏಕಿ ಮುಚ್ಚಿ, ಚಟವಿದ್ದವರ ಕುಡಿತ ಹಠಾತ್ತನೆ ನಿಂತಿದ್ದರಿಂದ ಮೂರು-ನಾಲ್ಕು ದಿನಗಳಲ್ಲೇ ಕೈನಡುಕ, ನಿದ್ರಾಹೀನತೆ, ಗೋಡೆಯ ಮೇಲೆ ಹುಳುಗಳು ಹರಿದಂತೆ ಕಾಣುವ ಭ್ರಮೆಯಿಂದ ನರಳುವವರನ್ನು ಮನೆಯವರು ಕರೆತರತೊಡಗಿದರು. ಮೇ 4ರಂದು ಅಂಗಡಿಗಳು ಮತ್ತೆ ತೆರೆಯುವವರೆಗೂ ನಮಗೆ ರಾತ್ರಿ ನಿದ್ದೆಯೆಂಬುದಿರಲಿಲ್ಲ. ಆದರೂ ಅದು ನಾವು ಕಲಿಯಲೆಂದೇ ಬಂದಿದ್ದ ಕೆಲಸವಾದ್ದರಿಂದ ದೇಹ ದಣಿಯುತ್ತಿತ್ತೇ ಹೊರತು ಮನಸ್ಸು ಕುಗ್ಗಿರಲಿಲ್ಲ.

ಕುಗ್ಗಿದ್ದು 2021ರ ಎರಡನೆಯ ಅಲೆಯಲ್ಲಿ. ಉಳಿದ ವಿಭಾಗಗಳ ಪಿ.ಜಿ.ಗಳಂತೆ (ಸ್ನಾತಕೋತ್ತರ ವಿದ್ಯಾರ್ಥಿಗಳಂತೆ) ನಮ್ಮನ್ನೂ ಕೋವಿಡ್ ವಾರ್ಡಿಗೆ ಹಾಕಿದರು. ಮನೋವೈದ್ಯ ವಿಭಾಗದವರು ಮಾತನಾಡುವುದನ್ನು ಬಲ್ಲವರೆಂಬ ಕಾರಣಕ್ಕೆ, ಒಳಗೆ ಬರಲು ಅನುಮತಿಯಿಲ್ಲದ ಬಂಧುಗಳಿಗೆ ರೋಗಿಯ ಸ್ಥಿತಿಯನ್ನೂ ಸಾವನ್ನೂ ಫೋನಿನಲ್ಲಿ ತಿಳಿಸುವ ಹೊಣೆ ನಮ್ಮದಾಯಿತು. ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕೆಂದು ನಾವು ಓದಿದ್ದೆವು ನಿಜ. ಆದರೆ ಆ ಪಾಠದಲ್ಲಿ ಎದುರಿಗೆ ಕುಳಿತ ಮನುಷ್ಯನಿದ್ದ, ಅವನ ಕೈಗೆ ಕೊಡಲು ನೀರಿನ ಲೋಟವಿತ್ತು, ಜೊತೆಗೆ ಸುಮ್ಮನೆ ಕೂರಲು ಸಮಯವಿತ್ತು. ಒಮ್ಮೆ ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಮಗ, ‘ಮೇಡಂ, ಅಪ್ಪ ಇವತ್ತು ಗಂಜಿ ಕುಡಿದ್ರಾ?’ ಎಂದು ಕೇಳಿದ. ಅವನಿಗೆ ಉತ್ತರಿಸಿ ಮುಗಿಸಿದಾಗ ನನ್ನ ಮುಂದಿದ್ದ ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಸರುಗಳಿದ್ದವು.

ಮೇ ಮಧ್ಯದ ಹೊತ್ತಿಗೆ ದಿನವೂ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತಿತ್ತು. ಮಗನ ಮಾತ್ರೆಯ ಬಗ್ಗೆ ಎರಡನೆಯ ಸಲ ಕೇಳಿದ ತಾಯಿಯೊಬ್ಬರ ಮೇಲೆ ಒಂದು ದಿನ ರೇಗಿಬಿಟ್ಟೆ. ಅಂದು ಸಂಜೆ, ಖಿನ್ನತೆಯ ತೀವ್ರತೆಯನ್ನು ಅಳೆಯಲು ರೋಗಿಗಳಿಗೆ ನಾನೇ ಕೊಡುತ್ತಿದ್ದ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಹಾಸ್ಟೆಲ್ ಕೋಣೆಯಲ್ಲಿ ಕುಳಿತು ಪ್ರಾಮಾಣಿಕವಾಗಿ ತುಂಬಿದೆ. 27ಕ್ಕೆ 16 ಬಂತು. ಅಷ್ಟು ಅಂಕ ಬಂದ ರೋಗಿಯನ್ನು ನಾನು ಚಿಕಿತ್ಸೆಯಿಲ್ಲದೆ ಮನೆಗೆ ಕಳುಹಿಸುತ್ತಿರಲಿಲ್ಲ.

ಆದರೆ ಯಾರ ಬಳಿ ಹೋಗುವುದು? ಬೇರೆ ವಿಭಾಗದ ಪಿ.ಜಿ.ಗಳು ನಮ್ಮ ವಿಭಾಗಕ್ಕೆ ಬರಬಹುದಿತ್ತು. ನಮಗೆ ಚಿಕಿತ್ಸೆ ಕೊಡಬಲ್ಲವರು ನಮ್ಮ ಅಧ್ಯಾಪಕರು, ನಾಳೆ ಪರೀಕ್ಷೆಯಲ್ಲಿ ನಮ್ಮನ್ನು ಅಳೆಯುವವರೂ ಅವರೇ. ಮನೋವೈದ್ಯ ತರಬೇತಿಯಲ್ಲಿರುವವರಿಗೇ ಇರುವ ಈ ಇಕ್ಕಟ್ಟಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ. ಕೊನೆಗೆ ಬೇರೆ ಊರಿನ ಮನೋವೈದ್ಯರೊಬ್ಬರನ್ನು ವಿಡಿಯೋ ಕರೆಯಲ್ಲಿ ಕಂಡೆ. ಹಿಂದಿನ ವರ್ಷ ಮಾರ್ಚ್‌ನಲ್ಲಿ ಹೊರಬಂದಿದ್ದ ಟೆಲಿಮೆಡಿಸಿನ್ ಮಾರ್ಗಸೂಚಿಯಿಂದ ಇಂಥ ಸಮಾಲೋಚನೆಗೆ ದಾರಿ ಸುಗಮವಾಗಿತ್ತು. ಎಂಟು ತಿಂಗಳು ಔಷಧ ತೆಗೆದುಕೊಂಡೆ.

ಔಷಧದಷ್ಟೇ ನೆರವಾದದ್ದು ಪಾಳಿಯ ಬದಲಾವಣೆ. ಸಾವಿನ ಸುದ್ದಿ ಹೇಳುವಾಗ ಇಬ್ಬರಿರಬೇಕು, ಈ ಕೆಲಸ ಒಬ್ಬರಿಗೇ ಸತತ ಎರಡು ವಾರ ಬೀಳಬಾರದು, ಕರೆಗಳು ಮುಗಿದ ಮೇಲೆ ಅರ್ಧ ಗಂಟೆ ಯಾರೂ ನಮ್ಮನ್ನು ವಾರ್ಡಿಗೆ ಕರೆಯಬಾರದು ಎಂದು ನಾವು ನಾಲ್ವರು ಪಿ.ಜಿ.ಗಳು ಬರೆದುಕೊಟ್ಟೆವು. ಮೊದಲ ಎರಡನ್ನು ಒಪ್ಪಿದರು, ಮೂರನೆಯದಕ್ಕೆ ಜನ ಸಾಲದೆಂದರು. ಜನ ಸಾಲದಿದ್ದುದು ನಿಜವೇ ಆಗಿತ್ತು. ಏಪ್ರಿಲ್ 18ಕ್ಕೆ ನಿಗದಿಯಾಗಿದ್ದ, ಹೊಸ ಪಿ.ಜಿ.ಗಳ ಪ್ರವೇಶಕ್ಕಾಗಿ ನಡೆಯುವ ನೀಟ್ ಪಿ.ಜಿ. ಪರೀಕ್ಷೆ ಸೆಪ್ಟೆಂಬರ್ 11ಕ್ಕೆ ಹೋಗಿ, ಸೀಟು ಹಂಚಿಕೆಯ ಕೌನ್ಸೆಲಿಂಗ್ 2022ರ ಜನವರಿಯವರೆಗೂ ಆರಂಭವಾಗದೆ, ಕಿರಿಯರ ಕೆಲಸವೂ ನಮ್ಮ ಮೇಲೆಯೇ ಉಳಿದಿತ್ತು.

ಈಗ ಕಿರಿಯರ ತರಬೇತಿಯಲ್ಲಿ ನನಗೂ ಪಾಲಿದೆ. ಹೊಸ ಪಿ.ಜಿ.ಗಳು ಸೇರಿದ ದಿನವೇ ಪಾಳಿಪಟ್ಟಿಯ ಜೊತೆಗೆ, ನಮ್ಮ ಕಾಲೇಜಿಗೆ ಸಂಬಂಧವಿಲ್ಲದ ಇಬ್ಬರು ಮನೋವೈದ್ಯರ ಫೋನ್ ಸಂಖ್ಯೆಗಳನ್ನೂ ಅವರ ಒಪ್ಪಿಗೆ ಪಡೆದು ಬರೆದುಕೊಡುತ್ತೇನೆ.