ಮನಸ್ಸಿನ ತಾಲೀಮು ಕಾಲಿಗಿಳಿದ ಬಗೆ

ಚಲನೆಯನ್ನು ನಿಧಾನಗೊಳಿಸುವ ನರರೋಗವಾದ ಪಾರ್ಕಿನ್ಸನ್ ಇರುವವರಿಗೆ ನಡಿಗೆಯನ್ನು ಮನಸ್ಸಿನಲ್ಲೇ ತಾಲೀಮು ಮಾಡಿಸುತ್ತೇನೆ ಎಂದಾಗ ನನ್ನ ಜೊತೆಯ ಫಿಸಿಯೋಥೆರಪಿಸ್ಟ್‌ಗಳು ಒಪ್ಪಲಿಲ್ಲ. ಅವರ ಅನುಮಾನಕ್ಕೆ ಆಧಾರವೂ ಇತ್ತು. 2007ರಲ್ಲಿ ತಮೀರ್ ಎಂಬ ಸಂಶೋಧಕರ ತಂಡ ವ್ಯಾಯಾಮದೊಂದಿಗೆ ಕಲ್ಪನೆಯನ್ನು ಬೆರೆಸಿ ಒಳ್ಳೆಯ ಫಲ ಕಂಡಿತ್ತು. 2011ರಲ್ಲಿ ಬ್ರೌನ್ ತಂಡ ಇದನ್ನೇ ವಿಶ್ರಾಂತಿ ತಂತ್ರದೊಂದಿಗೆ ಹೋಲಿಸಿದಾಗ ಹೇಳಿಕೊಳ್ಳುವಂತಹ ವ್ಯತ್ಯಾಸ ಸಿಗಲಿಲ್ಲ. ಎರಡನ್ನೂ ಓದಿದ್ದೆ. ಕಲ್ಪಿಸಿಕೊಳ್ಳಿ ಎಂದು ಹೇಳಿಬಿಡುವುದು ಬೇರೆ, ರೋಗಿ ನಿಜವಾಗಿ ಏನನ್ನು ಕಲ್ಪಿಸಿಕೊಂಡರು ಎಂದು ಪರೀಕ್ಷಿಸುವುದು ಬೇರೆ ಎಂಬುದು ನನ್ನ ಹಟ.

ಆರಂಭದಲ್ಲಿ ಬಳಸಿದ್ದು ಎಲ್ಲರೂ ಬಳಸುವ ಕ್ರಮವನ್ನೇ. ಮಲಗಿಸುವುದು, ಕಣ್ಣು ಮುಚ್ಚಿಸುವುದು, ಇಪ್ಪತ್ತು ನಿಮಿಷದ ಧ್ವನಿಮುದ್ರಣ ಕೇಳಿಸುವುದು. ಸ್ಟುಡಿಯೋಕ್ಕೆ ಹಣ ಕೊಟ್ಟು ಮಾಡಿಸಿದ ಮುದ್ರಣ ಅದು: ಮೆಲ್ಲನೆಯ ಸಂಗೀತ, ವಿಶಾಲ ಬಯಲು, ಹಗುರ ಹೆಜ್ಜೆ. ಐದಾರು ನಿಮಿಷದಲ್ಲಿ ಅರ್ಧದಷ್ಟು ಜನರಿಗೆ ನಿದ್ದೆ ಬರುತ್ತಿತ್ತು. ಎಚ್ಚರವಿದ್ದವರು ಬಯಲಿನಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದರು. ಆದರೆ ಹೆಜ್ಜೆ ಎತ್ತಲಾಗದೆ ಅವರ ಕಾಲು ನೆಲಕ್ಕೆ ಅಂಟಿದಂತಾಗುವುದು ಬಯಲಿನಲ್ಲಲ್ಲ, ಬಚ್ಚಲಮನೆಯ ಬಾಗಿಲಿನಲ್ಲಿ.

ಆಮೇಲೆ ದಾಟಲು ನೆಲದ ಮೇಲೆ ಲೇಸರ್ ಗೆರೆ ಬಿಡುವ ಕೋಲು ಕೊಂಡೆ, ಕೃತಕ ದೃಶ್ಯ ತೋರಿಸುವ ವಿಆರ್ ಕನ್ನಡಕವನ್ನೂ ಕೊಂಡೆ. ಕೋಲು ಕೈಯಲ್ಲಿರುವವರೆಗೆ ಗೆರೆ ದಾಟುತ್ತಿದ್ದರು, ಬದಿಗಿಟ್ಟರೆ ಮತ್ತೆ ಅದೇ ತೊಡಕು. ಕನ್ನಡಕ ಕೆಲವರಿಗೆ ತಲೆಸುತ್ತು ತಂದಿತು. ಎದ್ದು ನಿಂತಾಗ ರಕ್ತದೊತ್ತಡ ಕುಸಿಯುವ ರೋಗಿಗಳಿಗೆ ಅದು ಆಟವಲ್ಲ. ಕೆಲವು ತಿಂಗಳ ಗಳಿಕೆ ಹೀಗೆಯೇ ಕರಗಿತು. ಇಂದು ನನ್ನ ಬಳಿ ಇರುವುದು ಸ್ಟಾಪ್‌ವಾಚ್, ಮೊಬೈಲ್ ಮತ್ತು ಒಂದು ಸುರುಳಿ ಬಣ್ಣದ ಟೇಪು. ಹೊಸ ಸಲಕರಣೆ ಕೊಳ್ಳಲು ಹೊರಟವರಿಗೆ ಸ್ವಲ್ಪ ತಡೆಯಿರಿ ಎನ್ನುತ್ತೇನೆ.

ದಾರಿ ತೆರೆದದ್ದು ಸ್ಟಾಪ್‌ವಾಚಿನಿಂದ. ಹತ್ತು ಮೀಟರ್ ನಡೆಸಿ ಸಮಯ ಬರೆದುಕೊಳ್ಳುತ್ತೇನೆ. ಬಳಿಕ ಅಷ್ಟೇ ದೂರವನ್ನು ಮನಸ್ಸಿನಲ್ಲಿ ನಡೆದು, ಹೊರಟಾಗ ಒಮ್ಮೆ, ತಲುಪಿದಾಗ ಒಮ್ಮೆ ಹೇಳಿ ಎನ್ನುತ್ತೇನೆ. ನಡೆಯಲು ಹದಿನಾಲ್ಕು ಸೆಕೆಂಡು ಬೇಕಾದವರು ಮನಸ್ಸಿನಲ್ಲಿ ನಾಲ್ಕೇ ಸೆಕೆಂಡಿಗೆ ತಲುಪಿದರೆ ಅವರು ನಡೆದಿಲ್ಲ, ಎದುರಿನ ಗೋಡೆಯನ್ನು ನೆನಪಿಸಿಕೊಂಡಿದ್ದಾರೆ ಅಷ್ಟೇ. ಅಂಥವರಿಗೆ ಭಾರ ಎಡಗಾಲಿಗೆ ಹೊರಳುವುದು, ಬಲ ಹಿಮ್ಮಡಿ ನೆಲ ಮುಟ್ಟುವುದು, ತೋಳು ಬೀಸುವುದು ಹೀಗೆ ಒಂದೊಂದನ್ನೇ ನಿಜವಾಗಿ ಮಾಡಿಸಿ, ತಕ್ಷಣ ಅದೇ ಅನುಭವವನ್ನು ಒಳಗೆ ಹುಡುಕಿಸುತ್ತೇನೆ. ಹೊರಗೆ ನಿಂತು ತಮ್ಮನ್ನು ನೋಡಿಕೊಳ್ಳುವ ಚಿತ್ರ ನನಗೆ ಬೇಡ, ಮೈಯೊಳಗಿನ ಅನುಭವ ಬೇಕು. ಎರಡು ಸಮಯಗಳು ಹತ್ತಿರ ಬರುವವರೆಗೆ ತಾಲೀಮನ್ನು ಆರಂಭಿಸುವುದೇ ಇಲ್ಲ. ಕೆಲವರಿಗೆ ಇದಕ್ಕೇ ಎರಡು ವಾರ ಹಿಡಿಯುತ್ತದೆ, ಮನೆಯವರು ಗೊಣಗುತ್ತಾರೆ. ಗೊಣಗಲಿ.

ತಾಲೀಮು ಮಾತ್ರ ಬಹಳ ಚಿಕ್ಕದು. ಪಾರ್ಕಿನ್ಸನ್‌ನ ಮುಖ್ಯ ಔಷಧವಾದ ಲೆವೊಡೋಪಾ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ, ಕಾಲು ಅಂಟುವ ಜಾಗದಲ್ಲೇ ನಿಲ್ಲಿಸುತ್ತೇನೆ. ಕಣ್ಣು ತೆರೆದಿರಬೇಕು, ಒಂದು ಕೈ ಗೋಡೆಯ ಮೇಲೆ, ಹಿಂದೆ ಒಬ್ಬರು ಕಾವಲು. ಕಲ್ಪಿಸುವುದು ಮೊದಲ ಮೂರು ಹೆಜ್ಜೆಗಳನ್ನು ಮಾತ್ರ. ಎರಡು ಸಲ ಮನಸ್ಸಿನಲ್ಲಿ, ಕೂಡಲೇ ಒಂದು ಸಲ ಕಾಲಿನಲ್ಲಿ. ನಡುವೆ ಮಾತಿಗೆ ಅವಕಾಶವಿಲ್ಲ. ಹತ್ತು ನಿಮಿಷ ದಾಟಿದರೆ ಗಮನ ಚದುರುತ್ತದೆ, ಅಲ್ಲಿಗೆ ನಿಲ್ಲಿಸುತ್ತೇನೆ. ತಿರುವಿನಲ್ಲಿ ನಿಂತಲ್ಲೇ ತಿರುಗದೆ ಅಗಲವಾದ ಬಳಸನ್ನು ಕಲ್ಪಿಸಬೇಕು. ತಿರುಗುವ ಮೊದಲು ಒಳಗೇ ಹೇಳಿಕೊಳ್ಳುವ ಒಂದು ಪದವಿದೆ. ಪ್ರತಿಯೊಬ್ಬರಿಗೂ ಅದನ್ನು ಬೇರೆಯಾಗಿ ಆರಿಸುತ್ತೇನೆ, ಆರಿಸುವ ಬಗೆ ಸದ್ಯ ನನ್ನಲ್ಲೇ ಇರಲಿ.

ಕುರ್ಚಿಯಿಂದ ಎದ್ದು ಮೂರು ಮೀಟರ್ ಹೋಗಿ ಬಂದು ಕೂರುವ ಪರೀಕ್ಷೆಯಲ್ಲಿ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿದ್ದವರು ಒಂದೂವರೆ ತಿಂಗಳಲ್ಲಿ ಹದಿನೈದರ ಹತ್ತಿರ ಬಂದರು. ನೆನಪಿನಿಂದ ಹೇಳುತ್ತಿದ್ದೇನೆ, ಎಲ್ಲರೂ ಬರಲಿಲ್ಲ, ಸರಿಸುಮಾರು ಮೂವರಲ್ಲಿ ಇಬ್ಬರು. ಒಂದೆರಡು ಸೆಕೆಂಡು ಇಳಿದದ್ದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಈ ಕಾಯಿಲೆಯಲ್ಲಿ ಒಂದೇ ದಿನದಲ್ಲಿ ಅಷ್ಟು ಏರಿಳಿತ ಇರುತ್ತದೆ. ನನಗೆ ಹೆಚ್ಚು ಹಿಗ್ಗು ತಂದದ್ದು ಬಾಗಿಲುಗಳು. ಹೊಸ್ತಿಲಲ್ಲಿ ನಿಮಿಷಗಟ್ಟಲೆ ನಿಲ್ಲುತ್ತಿದ್ದವರು ಒಂದು ಉಸಿರಿನಷ್ಟು ತಡೆದು ದಾಟುತ್ತಾರೆ. ಅನುಮಾನಿಸಿದ ಸಹೋದ್ಯೋಗಿಗಳಲ್ಲಿ ಇಬ್ಬರು ಈಗ ತಮ್ಮ ರೋಗಿಗಳನ್ನು ನನ್ನ ಬಳಿಗೇ ಕಳುಹಿಸುತ್ತಾರೆ.

ನಡುವೆ ಬೇರೆ ಪ್ರಯೋಗಗಳನ್ನೂ ನಡೆಸಿದೆ. ಔಷಧ ಚೆನ್ನಾಗಿ ಹಿಡಿದಿರುವಾಗ ರೋಗಿಯ ನಡಿಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ತಾಲೀಮಿಗೆ ಮುಂಚೆ ಅವರಿಗೇ ತೋರಿಸಿದೆ. ಕಲ್ಪನೆ ಮೂಡದವರಿಗೆ ಇದು ನಿಜಕ್ಕೂ ನೆರವಾಯಿತು. ಕೈಯಲ್ಲಿ ತುಂಬಿದ ಲೋಟ ಹಿಡಿದಂತೆ ಕಲ್ಪಿಸಲು ಹೇಳಿದಾಗ ಹೆಜ್ಜೆ ಕಿರಿದಾಯಿತು, ಕೈಬಿಟ್ಟೆ. ಒಂದೇ ಸಮನೆ ಟಕ್ ಟಕ್ ಎನ್ನುವ ಮೆಟ್ರೊನೋಮ್‌ನ ತಾಳಕ್ಕೆ ಕಲ್ಪಿಸಿಕೊಳ್ಳುವುದು ಕೆಲವರಿಗೆ ಹೊಂದಿತು. ಸಣ್ಣ ಹೆಜ್ಜೆಯಲ್ಲಿ ಮುಂದಕ್ಕೆ ಓಡುತ್ತಾ ಹೋಗುವವರಿಗೆ ಮಾತ್ರ ಹೊಂದಲಿಲ್ಲ. ರಾತ್ರಿ ಮಲಗುವ ಮುನ್ನದ ತಾಲೀಮಿನಿಂದ ಏನಾದರೂ ಸಿಕ್ಕಿತೇ ಎಂದು ಖಚಿತವಾಗಿ ಹೇಳಲಾರೆ.

ಇಲ್ಲದ್ದು ಕಾಣಿಸುವ ಭ್ರಮೆ ಇರುವವರಿಗೆ, ಮರೆವು ಮುಂದುವರಿದವರಿಗೆ ಇದನ್ನು ಮಾಡಿಸುವುದಿಲ್ಲ. ಔಷಧದ ಪ್ರಮಾಣ ಬದಲಾದಾಗ ಎರಡೂ ಸಮಯಗಳನ್ನು ಹೊಸದಾಗಿ ಅಳೆಯುತ್ತೇನೆ, ಏಕೆಂದರೆ ಕಾಲು ಚುರುಕಾದರೂ ಮನಸ್ಸಿನ ನಡಿಗೆ ಹಳೆಯ ವೇಗದಲ್ಲೇ ಉಳಿದಿರುವುದನ್ನು ಹಲವು ಬಾರಿ ಕಂಡಿದ್ದೇನೆ. ಔಷಧದ ಪ್ರಭಾವ ಇಳಿದಿರುವ ಹೊತ್ತಿನಲ್ಲಿ ಕಾಲನ್ನು ಬಿಡಿಸಿಕೊಳ್ಳಲು ಈ ಮೂರು ಹೆಜ್ಜೆಗಳು ಸಾಲುತ್ತವೆಯೇ ಎಂದು ಈಗ ನೋಡುತ್ತಿದ್ದೇನೆ, ಸದ್ಯಕ್ಕೆ ಗೋಡೆ ಹಿಡಿದುಕೊಂಡೇ.