ಮೊದಲ ಫೈಲ್ ತಗೀರಿ, ಆಮ್ಯಾಲ ಸ್ಕ್ರೂ ತಗೀರಿ: ಮಿನಿ ಪಿಸಿಯ ಎಸ್‌ಎಸ್‌ಡಿ ಬದಲಿ ಮಾಡೂದು

ತಿಕೋಟಾದಾಗ ನನ್ನದು ಪತ್ರಾಸಿನ ಅಂಗಡಿ. ಝೆರಾಕ್ಸ್, ಆನ್‌ಲೈನ್ ಅರ್ಜಿ, ಉತಾರ ತಗದು ಕೊಡೂದು. ಮಾನಿಟರ್ ಬೆನ್ನಿಗೆ ಬಿಗಿದ ಅಂಗೈಯಷ್ಟು ಮಿನಿ ಪಿಸಿನ ನನ್ನ ಬಂಡವಾಳ. ಹೋದ ಮೇ ತಿಂಗಳಾಗ ಅದು ದಿನಕ್ಕ ಎರಡು ಮೂರು ಸಲ ಕಲ್ಲಾಗಿ ಕುಂದರಾಕ ಹತ್ತಿತು. ಮೌಸ್ ಓಡಾಡ್ತಿತ್ತು, ಆದ್ರ ಯಾವ ಫೈಲೂ ತೆರೀತಿರಲಿಲ್ಲ. ಅರ್ಧ ನಿಮಿಷ ಬಿಟ್ಟು ತಾನ ಸರಿ ಆಗ್ತಿತ್ತು. ಉತಾರಕ್ಕ ಬಂದ ಅಜ್ಜಾರು, "ಯವ್ವಾ, ನಿನ್ನ ಮಷೀನಿಗೆ ಜೋಂಪು ಹತ್ತೇತೇನ?" ಅಂದ್ರು. ನಾನು ವಿಂಡೋಸಿಗೆ ಬೈದೆ, ಆಂಟಿವೈರಸ್‌ಗೆ ಬೈದೆ. ಹದಿನೈದು ದಿವಸ ಬೈಯೂದರಾಗ ಹೋತು. ಕಡೀಕ ನೋಡಿದ್ರ ತಪ್ಪು ಎಸ್‌ಎಸ್‌ಡಿದು, ಅಂದ್ರ ವಿಂಡೋಸು, ಫೈಲು ಎಲ್ಲಾ ಇಟ್ಟುಕೊಳ್ಳೂ ಚಿಪ್ಪಿನ ಡ್ರೈವಿಂದು.

ಹಳೇ ಹಾರ್ಡ್ ಡಿಸ್ಕು ಸಾಯೂ ಮುಂದ ಕಟಕಟ ಅಂತ ಹೇಳಿ ಸಾಯ್ತಿತ್ತು. ಎಸ್‌ಎಸ್‌ಡಿ ಒಳಗ ತಿರುಗೂ ಸಾಮಾನ ಇಲ್ಲ, ಹಿಂಗಾಗಿ ಸಪ್ಪಳಾನೂ ಇಲ್ಲ. ಬರದು ಅಳಸಿ, ಬರದು ಅಳಸಿ ಫ್ಲ್ಯಾಶ್, ಅಂದ್ರ ಫೈಲ್ ಹಿಡಿದಿಡೂ ಚಿಪ್ಪು, ಸವದು ಕೆಡೂದು ಒಂದು ಬಗಿ, ಅದು ನಿಧಾನ. ಡ್ರೈವ್ ನಡಸೂ ಕಂಟ್ರೋಲರ್ ಚಿಪ್ಪು, ಇಲ್ಲಾ ಅದರೊಳಗಿನ ಪ್ರೋಗ್ರಾಮು (ಫರ್ಮ್‌ವೇರ್) ಕೈಕೊಡೂದು ಇನ್ನೊಂದು ಬಗಿ. ಇದರಾಗ ಇವತ್ತ ನಡದ ಡ್ರೈವು ನಾಳೆ ಬಯೋಸಿನ್ಯಾಗ, ಅಂದ್ರ ವಿಂಡೋಸಿಗಿಂತ ಮೊದಲ ಬರೂ ಸೆಟ್ಟಿಂಗ್ ಪರದೆಯಾಗ, ಕಾಣೂದೇ ಇಲ್ಲ. ನಿಮ್ಮದು ಯಾವ ಬಗಿ ಅಂತ ಮೊದಲ ಗೊತ್ತಾಗೂದಿಲ್ಲ. ಅದಕ್ಕ ಸಂಶಯ ಬಂದ ಗಳಿಗಿಗೆ ಪೆಟ್ಟಿಗಿ ಬಿಚ್ಚಬ್ಯಾಡ್ರಿ, ಟೆಸ್ಟ್ ಹಚ್ಚಬ್ಯಾಡ್ರಿ, ಫೈಲ್ ತಗೀರಿ. ಲೆಕ್ಕದ ಫೈಲು, ಅರ್ಜಿ, ನೀವು ಮತ್ತ ಹುಟ್ಟಿಸಾಕ ಆಗದ್ದು ಮೊದಲ. ಸಿನಿಮಾ ಆಮ್ಯಾಲ. "ಡಿ ಡ್ರೈವ್‌ದಾಗ ಹಾಕೇನಿ, ಚಿಂತಿಲ್ಲ" ಅನ್ನಾವ್ರು ನಮ್ಮ ಕಡೆ ಬಾಳ ಮಂದಿ. ಮಿನಿ ಪಿಸಿಯಾಗ ಸಿ, ಡಿ ಎರಡೂ ಸಾಮಾನ್ಯವಾಗಿ ಒಂದ ಎಸ್‌ಎಸ್‌ಡಿಯ ಎರಡು ಖೋಲಿ. ಮನಿ ಬಿದ್ರ ಎರಡೂ ಬೀಳ್ತಾವ. ಹೊರಗಿನ ಡಿಸ್ಕಿಗೆ ಹಾಕ್ರಿ.

ನಾನು ಹಂಗ ಮಾಡಲಿಲ್ಲ. ಯಾರೋ ಹೇಳಿದ್ರಂತ ಡಿಸ್ಕಿನ ತಪ್ಪು ಹುಡುಕಿ ತಿದ್ದೂ ವಿಂಡೋಸಿನ ಚೆಕ್‌ಡಿಸ್ಕ್ ಹಚ್ಚಿ ಊಟಕ್ಕ ಹೋದೆ. ರಿಪೇರಿಗೆ ಹಚ್ಚಿದ ಚೆಕ್‌ಡಿಸ್ಕು ಬರೇ ಓದೂದಿಲ್ಲ, ಡಿಸ್ಕಿನ ಮ್ಯಾಲ ಬರೀತೈತಿ. ಸಾಯಾಕ ಬಿದ್ದ ಡ್ರೈವಿಗೆ ಅದು ಹೊಲದಾಗ ಬಿಸಲಿಗೆ ಬಿದ್ದವನ ಎಬ್ಬಿಸಿ ಓಡು ಅಂದಂಗ. ಮಾರ್ಚ್ ತಿಂಗಳ ಸ್ಕ್ಯಾನ್ ಫೋಲ್ಡರು ಹಂಗ ಹೋತು.

ಫೈಲ್ ಹೊರಗ ಬಂದ ಮ್ಯಾಲ ನಾಡಿ ನೋಡ್ರಿ. ಡ್ರೈವಿನ ಆರೋಗ್ಯ ತೋರಸೂ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೂ ತಂತ್ರಾಂಶ ಪುಕ್ಕಟೆ ಸಿಗ್ತೈತಿ. ನನ್ನದು 'ಗುಡ್, 94%' ಅಂತ ನೀಲಿ ಬಣ್ಣದಾಗ ತೋರಸ್ತಿತ್ತು. ಆ ಪರ್ಸೆಂಟ್ ಹೇಳೂದು ಫ್ಲ್ಯಾಶ್ ಸವದು ಇನ್ನೂ ಎಷ್ಟು ಉಳದೇತಿ ಅನ್ನೂದನ್ನ ಅಷ್ಟ. ಎನ್‌ವಿಎಂಇ (ಜೋರು ಓಡೂ ಹೊಸಾ ಬಗಿ) ಡ್ರೈವ್ ಇದ್ರ ಕೆಳಗ 'ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್' ಅನ್ನೂ ಸಾಲು ನೋಡ್ರಿ. ಅದು ಸೊನ್ನೆ ಇರಬೇಕು. ನನ್ನದರಾಗ '1ಎ' ಇತ್ತು. ಅದು ಹದಿನಾರರ ಲೆಕ್ಕ, ಅಂದ್ರ 26. ಫಂಕ್ಷನ್ ಮೆನ್ಯುದಾಗ ಹತ್ತರ ಲೆಕ್ಕಕ್ಕ ಬದಲಿಸಬಹುದು. ಮರುದಿನ 47 ಆತು. ಒಂದ ಅಂಕಿ ನಿಂತಲ್ಲೇ ನಿಂತಿದ್ರ ಕಾದು ನೋಡಬಹುದು, ದಿನಾ ಏರಾಕ ಹತ್ತಿದ್ರ ಮುಗೀತು. ಅಲ್ಲೇ 'ಅನ್‌ಸೇಫ್ ಶಟ್‌ಡೌನ್ಸ್' 212 ಇತ್ತು. ಕರೆಂಟ್ ಹೋದಾಗೆಲ್ಲಾ ಸತ್ತ ಬ್ಯಾಟರಿಯ ಯುಪಿಎಸ್ ನಂಬಿ ಕುಂತದ್ದರ ಲೆಕ್ಕ ಅದು.

ಎರಡನೇ ಸಾಕ್ಷಿ ವಿಂಡೋಸಿನ ಈವೆಂಟ್ ವ್ಯೂವರ್, ಅಂದ್ರ ಮಷೀನಿನಾಗ ಏನೇನ ಆತು ಅಂತ ಬರದಿಡೂ ದಿನಚರಿ. ಸಿಸ್ಟಮ್ ಲಾಗಿನ್ಯಾಗ 7, 129, 153 ಅನ್ನೂ ನಂಬರ್ ಹುಡುಕ್ರಿ. 7 ಅಂದ್ರ ಕೆಟ್ಟ ಬ್ಲಾಕ್. 129 ಅಂದ್ರ ಡ್ರೈವು ಉತ್ತರ ಕೊಡಲಿಲ್ಲ, ವಿಂಡೋಸು ರೀಸೆಟ್ ಮಾಡೇತಿ. 153 ಅಂದ್ರ ಮತ್ತೊಮ್ಮೆ ಕೇಳಬೇಕಾತು. ಮಷೀನು ಕಲ್ಲಾದ ಹೊತ್ತಿಗೂ 129ರ ಹೊತ್ತಿಗೂ ತಾಳೆ ಆದ್ರ ಸಂಶಯ ಗಟ್ಟಿ ಆತು. ಆದ್ರೂ ಹೊಸಾದು ಕೊಳ್ಳೂ ಮೊದಲ ಒಂದು ಸಲ ಬಿಚ್ಚಿ ಡ್ರೈವ್ ತಗದು ಮತ್ತ ಕುಂದರಸ್ರಿ, ಬ್ಯಾರೆ ಅಡಾಪ್ಟರ್ ಹಚ್ಚಿ ನೋಡ್ರಿ, ವಿಂಡೋಸಿನ ಮೆಮೊರಿ ಟೆಸ್ಟಿನಾಗ ರ‍್ಯಾಮ್ ನೋಡ್ರಿ. ಕಾವು ಸೈತ ನೋಡ್ರಿ. ಪತ್ರಾಸಿನ ಕೆಳಗ ನನ್ನ ಡ್ರೈವು 74 ಡಿಗ್ರಿ ಇತ್ತು.

ಕೊಳ್ಳೂವಾಗ ಹಳೇ ಡ್ರೈವಿನ ಫೋಟೊ ಒಯ್ಯಿರಿ. ಉದ್ದನ್ನ ಚೂಯಿಂಗ್ ಗಮ್ ಪಟ್ಟಿಯಂಗ ಇರೂ ಎಂ.2 ಡ್ರೈವಿನ ಮ್ಯಾಲ 2280 ಅಂತಿದ್ರ 22 ಮಿಲಿಮೀಟರ್ ಅಗಲ, 80 ಉದ್ದ. 2242 ಇದ್ರ ಗಿಡ್ಡಂದು. ಪಿನ್ ಇರೂ ತುದಿಯಾಗ ಕಚ್ಚು ಒಂದ ಇದ್ರ ಬಹುತೇಕ ಎನ್‌ವಿಎಂಇ, ಎರಡಿದ್ರ ಬಹುತೇಕ ಸಾಟಾ, ಅಂದ್ರ ಹಳೇ ನಿಧಾನ ಬಗಿ. ನೋಡಾಕ ಅಕ್ಕ ತಂಗಿ, ಆದ್ರ ಬಾಳ ಮಷೀನಿನ್ಯಾಗ ಒಂದರ ಜಾಗಾದಾಗ ಇನ್ನೊಂದು ನಡಿಯೂದಿಲ್ಲ. ವಿಜಯಪುರದ ಅಂಗಡಿಯವ್ರು "ಎಲ್ಲಾ ಒಂದ ರೀ ಅಕ್ಕಾರ" ಅಂದಿದ್ರು, ಫೋಟೊ ತೋರಿಸಿದ ಮ್ಯಾಲ ಒಳಗ ಹೋಗಿ ಬ್ಯಾರೆ ತಂದ್ರು. ಬಿಲ್ ಬಿಡಬ್ಯಾಡ್ರಿ.

ಬದಲಿ ಮಾಡೂದು ಹತ್ತು ನಿಮಿಷದ ಕೆಲಸ. ಅಡಾಪ್ಟರ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಕೆಳಗಿನ ನಾಕು ಸ್ಕ್ರೂ ತಗದು ಸ್ಟೀಲ್ ತಾಟಿನ್ಯಾಗ ಹಾಕ್ರಿ. ಮುಚ್ಚಳಾ ಒಮ್ಮೆಲೆ ಜಗ್ಗಬ್ಯಾಡ್ರಿ, ಒಳಗ ತೆಳ್ಳನ್ನ ಕೇಬಲ್ ಇರಬಹುದು. ಡ್ರೈವ್ ಹಿಡಿದ ಒಂದು ಸಣ್ಣ ಸ್ಕ್ರೂ ಬಿಚ್ಚಿದ್ರ ಅದು ತಾನ ಮ್ಯಾಲೇಳ್ತೈತಿ. ಹೊಸಾದನ್ನ ಓರೆ ಹಿಡದು ಪೂರ್ತಿ ಒಳಗ ದೂಕಿ, ಆಮ್ಯಾಲ ಕೆಳಗ ಒತ್ತಿ ಸ್ಕ್ರೂ ಹಾಕ್ರಿ. ಕಾವು ಎಳಕೊಳ್ಳೂ ಹೊಸಾ ಥರ್ಮಲ್ ಪ್ಯಾಡ್ ಹಚ್ಚಿದ್ರ ಅದರ ಮ್ಯಾಲಿನ ಪ್ಲಾಸ್ಟಿಕ್ ಹಾಳಿ ಸುಲೀರಿ. ಮುಚ್ಚಳಾ ಹಾಕೂ ಮೊದಲ ಬಯೋಸಿಗೆ ಹೋಗಿ ಡ್ರೈವಿನ ಹೆಸರು ಕಂಡೇತೇನ ನೋಡ್ರಿ.

ಹಳೇದರ ನಕಲು ಹೊಡೀಬೇಕೋ, ಹೊಸದಾಗಿ ವಿಂಡೋಸ್ ಹಾಕಬೇಕೋ? ಎರರ್ ಬಂದ ಡ್ರೈವಿನ ನಕಲು ಅಂದ್ರ ಮುರಿದ ಫೈಲುಗಳ ನಕಲೂ ಹೌದು. ನಾನು ಹೊಸದಾಗಿ ಹಾಕಿದೆ. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿನ ಗುರ್ತು ಹಿಡಿತೈತಿ, ಹಂಗಾಗಿ ನೆಟ್ ಸಿಕ್ಕ ಕೂಡಲೇ ವಿಂಡೋಸ್ ತಾನ ಆ್ಯಕ್ಟಿವೇಟ್ ಆತು. ನನಗ ಹೊತ್ತು ಹಿಡಿದದ್ದು ನುಡಿ ತಂತ್ರಾಂಶ, ಪ್ರಿಂಟರ್ ಡ್ರೈವರ್, ಆಧಾರ್ ಬೆರಳಚ್ಚಿನ ಮಷೀನು ನಡಸೂ ಆರ್‌ಡಿ ಸರ್ವಿಸ್ ಅನ್ನೂ ತಂತ್ರಾಂಶ. ಒಂದ ಇಡೀ ರವಿವಾರ. ಫೈಲ್ ತಗಿಯೂದೇ ಆಗದಿದ್ರ ಲಿನಕ್ಸಿನ ಡಿಡಿರೆಸ್ಕ್ಯೂ ಬಳಸ್ರಿ, ಅದು ಕೆಟ್ಟ ಡ್ರೈವನ್ನ ಇನ್ನೊಂದು ಡ್ರೈವಿಗೆ ನಕಲು ಹೊಡಿಯೂ ತಂತ್ರಾಂಶ. ಅದು ಓದಾಕ ಬರೂದನ್ನ ಮೊದಲ ಓದಿ, ತಕರಾರಿನ ಜಾಗಾಕ್ಕ ಕಡೀಕ ಹೋಗ್ತೈತಿ. ಹಳೇದು ಯಾವ್ದು, ಹೊಸಾದು ಯಾವ್ದು ಅನ್ನೂದನ್ನ ಸೀರಿಯಲ್ ನಂಬರಿನಿಂದ ಎರಡು ಸಲ ನೋಡಿ ಎಂಟರ್ ಒತ್ರಿ. ತಿರುವು ಮುರುವು ಆದ್ರ ಖಾಲಿ ಡ್ರೈವು ತುಂಬಿದ ಡ್ರೈವನ್ನ ಅಳಸ್ತೈತಿ.

ಮಿನಿ ಪಿಸಿಯನ್ನ ಮಾನಿಟರ್ ಬೆನ್ನಿಂದ ಇಳಿಸಿ ಟೇಬಲ್ ಮ್ಯಾಲ, ಫ್ಯಾನಿನ ಗಾಳಿಗೆ ಇಟ್ಟೇನಿ. ಕಾವು 56ಕ್ಕ ಇಳದೇತಿ. ಯುಪಿಎಸ್ ಬ್ಯಾಟರಿ ಬದಲಿ ಮಾಡಿಸೇನಿ.

ಹಳೇ ಡ್ರೈವಿಗೆ ಇನ್ನೂ ವಾರಂಟಿ ಇತ್ತು. ಕಳಿಸಿದ್ರ ಹೊಸಾದು ಬರ್ತಿತ್ತು. ಆದ್ರ ಅದರಾಗ ಊರ ಮಂದಿ ಆಧಾರ್, ಪಾಸ್‌ಬುಕ್, ಉತಾರ ಎಲ್ಲಾ ಇತ್ತು, ಅಳಸೂ ಕಮಾಂಡಿಗೆ ಅದು ಉತ್ತರ ಕೊಡ್ತಿರಲಿಲ್ಲ. ಹಿತ್ತಲದ ಒಗಿಯೂ ಕಲ್ಲಿನ ಮ್ಯಾಲ ಇಟ್ಟು, ಒಂದೊಂದ ಕರೀ ಚಿಪ್ಪಿಗೂ ಸುತ್ತಿಗಿ ಹಾಕಿದೆ. ಒಂದ ಚಿಪ್ಪು ಒಡದು ಬಿಡಬ್ಯಾಡ್ರಿ, ಹಿಂದಿನ ಮಗ್ಗಲೂ ತಿರುವಿ ನೋಡ್ರಿ, ಅಲ್ಲೂ ಇರ್ತಾವ.