ಆಲೆಮನೆ ಕೊಪ್ಪರಿಗೆಗೆ ಮೆಶ್: ಎಡವುವುದೆಲ್ಲಿ, ಸರಿಪಡಿಸುವುದು ಹೇಗೆ?

ಮಂಡ್ಯ, ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಶಾಖ ವರ್ಗಾವಣೆ ಕಲಿಯಲು ಆಲೆಮನೆಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಕೆಳಗೆ ಕಬ್ಬಿನ ಸಿಪ್ಪೆಯ ಉರಿ, ಮೇಲೆ ಕಬ್ಬಿನ ಹಾಲು, ನಡುವೆ ಕೊಪ್ಪರಿಗೆಯ ತಳ. ಓಪನ್‌ಫೋಮ್ ಎಂಬ ಉಚಿತ ತಂತ್ರಾಂಶದಲ್ಲಿ ಇದರ ಸಿಮ್ಯುಲೇಷನ್ ಮಾಡಬಹುದು. ಅದಕ್ಕೆ ಮೊದಲು ಜಾಗವನ್ನು ಪುಟ್ಟ ಪುಟ್ಟ ಕೋಶಗಳಾಗಿ ಒಡೆಯಬೇಕು, ಆ ಕೋಶಗಳ ಜಾಲವೇ ಮೆಶ್. ಅದನ್ನು ಬ್ಲಾಕ್‌ಗಳಿಂದ ಕಟ್ಟುವ ಬ್ಲಾಕ್‌ಮೆಶ್ ಸಾಧನದಲ್ಲಿ ಬರುವ ತೊಡಕುಗಳನ್ನು ಒಂದೊಂದಾಗಿ ಬಿಡಿಸೋಣ.

ಮೊದಲು ಕಾಗದ, ಪೆನ್ಸಿಲ್. ಮೇಲಿನಿಂದ ನೋಡಿದರೆ ಕೊಪ್ಪರಿಗೆ ದುಂಡಗಿದೆ, ಬ್ಲಾಕಿಗೆ ಮಾತ್ರ ನಾಲ್ಕು ಮೂಲೆ. ಇಡೀ ವೃತ್ತವನ್ನು ಒಂದೇ ಬ್ಲಾಕಿನಲ್ಲಿ ಕೂರಿಸಿದರೆ ಆ ನಾಲ್ಕು ಮೂಲೆಗಳ ಕೋನ 180 ಡಿಗ್ರಿಯ ಹತ್ತಿರ ಹೋಗಿ ಅಲ್ಲಿನ ಕೋಶಗಳು ಚಪ್ಪಟೆಯಾಗುತ್ತವೆ. ನಡುವೆ ಒಂದು ಚೌಕ, ಸುತ್ತ ನಾಲ್ಕು ಬ್ಲಾಕ್, ಒಟ್ಟು 5 ಮಾಡಿ. ಇದೇ ಓ-ಗ್ರಿಡ್. ಚೌಕದ ಬದಿಗಳನ್ನು ತುಸು ಹೊರಕ್ಕೆ ಉಬ್ಬಿಸಿದರೆ ಅದರ ಮೂಲೆಗಳ ಬಳಿಯ ಕೋಶಗಳೂ ಸುಧಾರಿಸುತ್ತವೆ.

ಬ್ಲಾಕ್ ಒಳಹೊರಗಾಗಿದೆ ಎಂಬ ಸಂದೇಶ ಬಂದರೆ ಮೂಲೆಗಳ ಕ್ರಮ ನೋಡಿ. ಮೇಲಿನಿಂದ ನೋಡಿದಾಗ ತಳದ ನಾಲ್ಕು ಮೂಲೆ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಬರಬೇಕು. ಆಮೇಲೆ ಮೇಲಿನ ನಾಲ್ಕು, ಅದೇ ಕ್ರಮದಲ್ಲಿ. ಪಕ್ಕದ ಬ್ಲಾಕ್‌ಗಳು ಸೇರುವ ಮುಖದಲ್ಲಿ ಎರಡೂ ಕಡೆ ಕೋಶಗಳ ಸಂಖ್ಯೆ, ಗ್ರೇಡಿಂಗ್ (ಕೋಶಗಳ ಗಾತ್ರ ಕ್ರಮೇಣ ಬದಲಾಗುವ ರೀತಿ) ಎರಡೂ ಹೊಂದಬೇಕು. ಒಂದು ಕಡೆ ಬದಲಿಸಿದಿರೋ, ಆ ಸಾಲಿನುದ್ದಕ್ಕೂ ಬದಲಿಸಲೇಬೇಕು.

ಮುಂದಿನದು ಸದ್ದಿಲ್ಲದ ತಪ್ಪು. ಅಳತೆ ಮಿಲಿಮೀಟರಿನಲ್ಲಿದ್ದರೆ ಸ್ಕೇಲ್ 0.001 ಇರಬೇಕು. ಮರೆತರೆ ಕೊಪ್ಪರಿಗೆ 1000 ಪಟ್ಟು ದೊಡ್ಡದಾಗುತ್ತದೆ. ಬಿಸಿಯಾದ ದ್ರವ ಮೇಲೇಳುವ ಬಲ ಅದರ ಸ್ನಿಗ್ಧತೆಯ ಎದುರು ಎಷ್ಟು ಪ್ರಬಲ ಎಂದು ಹೇಳುವ ಗ್ರಾಶಾಫ್ ಸಂಖ್ಯೆ ಉದ್ದದ ಘನಕ್ಕೆ ತಕ್ಕಂತೆ ಬೆಳೆಯುವುದರಿಂದ ಅದು 100 ಕೋಟಿ ಪಟ್ಟು ಏರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಹೆಸರಿಡದೆ ಬಿಟ್ಟ ಹೊರಮುಖಗಳ ಮೇಲೂ ಕಣ್ಣಿಡಿ: ಅವು ಡೀಫಾಲ್ಟ್‌ಫೇಸಸ್ ಎಂಬ ಗುಂಪಿಗೆ ಸೇರಿಬಿಡುತ್ತವೆ, ನೀವು ಕೊಡಬೇಕೆಂದಿದ್ದ ಉಷ್ಣತೆ ಅಲ್ಲಿಗೆ ತಲುಪುವುದೇ ಇಲ್ಲ.

ಈಗ ಮೆಶ್ ಪರೀಕ್ಷಿಸುವ ಚೆಕ್‌ಮೆಶ್ ಸಾಧನ ಓಡಿಸಿ. ನಾನ್-ಆರ್ಥಾಗನಾಲಿಟಿ (ಕೋಶಗಳ ನಡುವಿನ ಮುಖ ಲಂಬದಿಂದ ವಾಲಿದ ಕೋನ) 70 ಡಿಗ್ರಿಯೊಳಗೆ, ಸ್ಕ್ಯೂನೆಸ್ (ಕೋಶಗಳ ಓರೆತನ) 4ರೊಳಗೆ ಇದ್ದರೆ ಅದು ಒಪ್ಪಿಕೊಳ್ಳುತ್ತದೆ. ಅಷ್ಟಕ್ಕೇ ನಿಲ್ಲಬೇಡಿ. ಚೆಕ್‌ಮೆಶ್ ನೋಡುವುದು ಕೋಶಗಳ ಆಕಾರವನ್ನು. ನಿಮ್ಮ ಶಾಖ ಎಲ್ಲಿ ಹರಿಯುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಉಷ್ಣತೆ ಥಟ್ಟನೆ ಬದಲಾಗುವುದು ತಳಕ್ಕಂಟಿದ ತೆಳು ಪದರದಲ್ಲಿ. 20 ಡಿಗ್ರಿಯ ನೀರಿನ ಪ್ರಾಂಟ್ಲ್ ಸಂಖ್ಯೆ (ವೇಗ ಹರಡುವ ಗತಿಗೂ ಶಾಖ ಹರಡುವ ಗತಿಗೂ ಇರುವ ಅನುಪಾತ) ಸುಮಾರು 7, ಅಂದರೆ ಅದರ ಶಾಖಪದರ ವೇಗಪದರದ ಸುಮಾರು ಅರ್ಧ ದಪ್ಪ. ವೇಗಕ್ಕೆ ಸಾಕಾದ ಮೆಶ್ ಶಾಖಕ್ಕೆ ಸಾಲದು.

ಪರಿಹಾರ ಗ್ರೇಡಿಂಗ್. 20 ಮಿ.ಮೀ. ಎತ್ತರದಲ್ಲಿ 20 ಕೋಶ ಇಟ್ಟು, ಒಂದೊಂದೂ ಹಿಂದಿನದರ 1.2 ಪಟ್ಟು ಇರಲಿ ಎಂದರೆ ಮೊದಲ ಕೋಶ ಸುಮಾರು 0.11 ಮಿ.ಮೀ. ಆಗುತ್ತದೆ. ಸಮನಾಗಿ ಹಂಚಿದ್ದರೆ ಅದೇ ಕೋಶ 1 ಮಿ.ಮೀ. ಇರುತ್ತಿತ್ತು. ಬ್ಲಾಕ್‌ಮೆಶ್ ಕೇಳುವುದು ಈ 1.2 ಅಲ್ಲ, ಕೊನೆಯ ಕೋಶಕ್ಕೂ ಮೊದಲ ಕೋಶಕ್ಕೂ ಇರುವ ಅನುಪಾತ, ಇಲ್ಲಿ 32. ಸಣ್ಣ ಕೋಶಗಳು ತಳ ಬಿಟ್ಟು ಮೇಲೆ ಹೋಗಿ ಕೂತಿದ್ದರೆ 32ರ ಬದಲು 1/32 ಕೊಡಿ.

ಲೋಹದ ತಳಕ್ಕೂ ಮೆಶ್ ಕಟ್ಟಬೇಕೆ? ನನ್ನ ಪ್ರಕಾರ ಬೇಡ. ಮೀಟರಿಗೂ ಮೀರಿದ ಅಗಲಕ್ಕೆ ಕೆಲವೇ ಮಿ.ಮೀ. ದಪ್ಪದ ಹಾಳೆ ಎಂದರೆ ಒಂದೋ ಉದ್ದುದ್ದ ಕೋಶಗಳು, ಇಲ್ಲವೇ ಲಕ್ಷಗಟ್ಟಲೆ ಕೋಶಗಳು. 5 ಮಿ.ಮೀ. ಉಕ್ಕಿನ ಶಾಖವಾಹಕತೆ ಮೀಟರಿಗೆ, ಕೆಲ್ವಿನ್‌ಗೆ 50 ವ್ಯಾಟ್ ಎಂದಿಟ್ಟುಕೊಂಡರೆ ಪ್ರತಿ ಚದರ ಮೀಟರಿಗೆ ಅದರ ತಡೆ ಬರೀ 0.0001 ಕೆಲ್ವಿನ್ ಪ್ರತಿ ವ್ಯಾಟ್. ದಪ್ಪ, ವಾಹಕತೆ ಎರಡನ್ನೂ ಗಡಿ ಷರತ್ತಿನಲ್ಲೇ (ಮೆಶ್‌ನ ಹೊರಮುಖಕ್ಕೆ ಕೊಡುವ ನಿಯಮದಲ್ಲೇ) ಕೊಟ್ಟರಾಯಿತು.

ಕೊನೆಗೆ ಮೂರು ಮೆಶ್ ಮಾಡಿ: ಒರಟು, ಮಧ್ಯಮ, ನಯ. ಪ್ರತಿ ದಿಕ್ಕಿಗೂ ದುಪ್ಪಟ್ಟಾದರೆ ಕೋಶಗಳು 8 ಪಟ್ಟಾಗುತ್ತವೆ, ಹಾಗಾಗಿ ಒರಟು ಮೆಶ್ ನಿಜಕ್ಕೂ ಒರಟಾಗಿರಲಿ. ಬಣ್ಣದ ಚಿತ್ರಗಳನ್ನು ಹೋಲಿಸಬೇಡಿ. ತಳದಿಂದ ಒಳಹೋದ ಒಟ್ಟು ಶಾಖವನ್ನು ವ್ಯಾಟ್‌ನಲ್ಲಿ ಹೋಲಿಸಿ. ಕುದಿತವನ್ನು ಈಗಲೇ ಸೇರಿಸಬೇಡಿ. ಹಾಲು ಕುದಿಯುವ ಮುಂಚಿನ ಹಂತದಲ್ಲಿ ಈ ಅಂಕಿ ಮೂರು ಮೆಶ್‌ಗಳಲ್ಲೂ ಹತ್ತಿರ ಹತ್ತಿರ ಬರುತ್ತಾ ಹೋದರೆ ಆಮೇಲೆ ಕುದಿಸಿ.